ಎಡಗಾಲಿನ ಸುದ್ದಿ

ಬಸ್ಸು ಕುಸೈರ್ ಊರು ದಾಟಿ ಹಳೆಯ ಫಾಸ್ಫೇಟ್ ಕಾರ್ಖಾನೆಯ ಮುರುಕು ಗೋಡೆಗಳನ್ನು ಹಿಂದೆ ಹಾಕುತ್ತಿದ್ದಾಗ ಅದು ಎರಡನೆಯ ಸಲ ಬಂತು. ಮೊದಲ ಸಲ, ಬೆಳಗಿನ ಪ್ರಾರ್ಥನೆ ಮುಗಿಸಿ ಕಾಲುಚೀಲ ಎಳೆದುಕೊಳ್ಳುವಾಗ ಬಂದದ್ದನ್ನು ಅತಿಯಾತ್ ನಂಬಿರಲಿಲ್ಲ. ತನ್ನ ಆಸೆಯೇ ನರದ ವೇಷ ಹಾಕಿಕೊಂಡು ಬಂದಿದೆ ಎಂದುಕೊಂಡಿದ್ದಳು. ಈಗ ಅನುಮಾನವಿರಲಿಲ್ಲ. ಎಡಗಾಲಿನ ಹೆಬ್ಬೆರಳ ಬುಡದ ಕೆಳಗೆ, ಸುತ್ತಿದ ಪಟ್ಟಿಯ ಆಳದಲ್ಲಿ, ಯಾರೋ ಒಳಗಿನಿಂದ ಬೆರಳ ಗೆಣ್ಣಿನಿಂದ ಕದ ತಟ್ಟಿದ ಹಾಗೆ ಒಂದು ನೋವು. ತಟ್ಟಿತು, ನಿಂತಿತು, ಮತ್ತೆ ತಟ್ಟಿತು. ಅವಳ ಎದೆ ಡವಗುಟ್ಟತೊಡಗಿತು. ಪಕ್ಕದಲ್ಲಿ ಕೂತ ಮೀನಿನ ಬುಟ್ಟಿಯ ಹೆಂಗಸಿನ ತೋಳು ಹಿಡಿದು, ನೋಡು, ನನ್ನ ಕಾಲು ನೋಯುತ್ತಿದೆ ಎಂದು ಹೇಳಿಬಿಡಬೇಕೆನಿಸಿತು. ಆದರೆ ಆ ಹೆಂಗಸು ಸಫಾಗಾ ಬಂದರಿನವರೆಗೂ ಮುಖವನ್ನು ಕಿಟಕಿಯ ಕಡೆಗೇ ತಿರುಗಿಸಿಕೊಂಡಿದ್ದಳು. ಅದು ಮೀನಿನ ವಾಸನೆಗಲ್ಲ, ತನ್ನ ಕಾಲಿನ ವಾಸನೆಗೆ ಎಂಬುದು ಅತಿಯಾತಳಿಗೆ ಗೊತ್ತಿತ್ತು. ನಾಲ್ಕು ವರ್ಷಗಳಿಂದ ಆ ಕಾಲು ಅವಳದಾಗಿರಲಿಲ್ಲ. ಸಕ್ಕರೆ ಕಾಯಿಲೆ ಅದನ್ನು ಸದ್ದಿಲ್ಲದೆ ತೆಗೆದುಕೊಂಡು ಹೋಗಿತ್ತು. ಹೊಲಿಗೆ ಯಂತ್ರದ ಪೆಡಲನ್ನು ತುಳಿಯುತ್ತಿದ್ದದ್ದು ತನ್ನ ಕಾಲೋ ಬೇರೆಯವರದೋ ಎಂದು ಬಗ್ಗಿ ನೋಡಿ ಖಚಿತಪಡಿಸಿಕೊಳ್ಳಬೇಕಾಗಿತ್ತು. ಆಗಸ್ಟಿನ ಒಂದು ಮಧ್ಯಾಹ್ನ ಮಹಡಿಯ ಮೇಲೆ ಬಟ್ಟೆ ಒಣಹಾಕಲು ಬರಿಗಾಲಲ್ಲಿ ಹೋಗಿ, ಎದುರುಮನೆಯವಳ ಜೊತೆ ಹೊಸ ಮೀನಿನಂಗಡಿಯ ವಿಷಯ ಮಾತಾಡುತ್ತ ನಿಂತುಬಿಟ್ಟಳು. ಕಾದ ಸಿಮೆಂಟು ಅಂಗಾಲನ್ನು ಬೇಯಿಸುತ್ತಿದ್ದುದು ತಿಳಿಯಲೇ ಇಲ್ಲ. ಮೆಟ್ಟಿಲಿಳಿಯುವಾಗ ಹಿಂದೆ ಒದ್ದೆ ಹೆಜ್ಜೆಗಳನ್ನು ಕಂಡು, ನಲ್ಲಿ ಎಲ್ಲಿ ಸೋರುತ್ತಿದೆ ಎಂದು ಹುಡುಕಿದ್ದಳು.

ಹಿಮ್ಮಡಿಯ ಸುಟ್ಟ ಬೊಬ್ಬೆ ಮಾಯಿತು, ಬೆರಳ ಬುಡದ್ದು ಮಾಯಲಿಲ್ಲ. ಗಾಯ ಆಳವಾಯಿತು, ನಾರಿತು. ಮದುವೆಯ ಉಡುಪಿನ ಅಳತೆಗೆ ಬಂದ ಒಬ್ಬಳು ಮಡಿಸಿಟ್ಟ ಬಟ್ಟೆಯನ್ನು ಮೂಗಿನ ಹತ್ತಿರ ಒಯ್ದು, ಮೇಜಿನ ಮೇಲಿಟ್ಟು ಹೋದಳು. ಆಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಸಫಾಗಾದಲ್ಲಿ, ಮುಳುಗುಗಾರರು ಕಡಲಿನಿಂದ ಅವಸರದಲ್ಲಿ ಮೇಲೆದ್ದು ಮೈ ಕೆಡಿಸಿಕೊಂಡರೆ ಕೂಡಿಸುವ ಒಂದು ಉಕ್ಕಿನ ಕೋಣೆ ಇದೆ, ಅಲ್ಲಿ ಒತ್ತಡದ ಗಾಳಿಯಲ್ಲಿ ಶುದ್ಧ ಆಮ್ಲಜನಕ ಕುಡಿಸಿ ಕಾಲಿನ ಹುಣ್ಣನ್ನೂ ಮಾಯಿಸುತ್ತಾರೆ ಎಂದು ಕಂಪೌಂಡರ್ ಹೇಳಿದಾಗ ಅವಳು ಮರುದಿನವೇ ಹೊರಟಿದ್ದಳು. ಹೊರಡುವ ಮುಂಚೆ ಕನ್ನಡಿಯ ಮುಂದೆ ಒಂದು ಕ್ಷಣ ನಿಂತು ತನ್ನ ಮುಖ ನೋಡಿಕೊಳ್ಳಲಾಗದೆ ಕಣ್ಣು ತಗ್ಗಿಸಿದ್ದಳು. ಯಾಕೆಂದರೆ ಆ ಕೋಣೆಯ ಸುದ್ದಿ ಅವಳಿಗೆ ಒಂಬತ್ತು ವರ್ಷಗಳ ಹಿಂದೆಯೇ ಗೊತ್ತಿತ್ತು. ಇವತ್ತು ಇಪ್ಪತ್ತನೆಯ ದಿನ. ಇವತ್ತು ಅಳೆಯುತ್ತಾರೆ. ಕೋಣೆಯೊಳಗೆ ಒತ್ತಡದಲ್ಲಿರುವಾಗ ಗಾಯದ ಪಕ್ಕದ ಚರ್ಮಕ್ಕೆ ಎಷ್ಟು ಆಮ್ಲಜನಕ ಮುಟ್ಟುತ್ತಿದೆ ಎಂಬ ಲೆಕ್ಕ ಇನ್ನೂರು ದಾಟಿದರೆ ಕಾಲು ಉಳಿಯುವ ಭರವಸೆ ಇದೆ. ದಾಟದಿದ್ದರೆ ಗುರುವಾರ ಸರ್ಜನ್ ಬಂದು ಪಾದದ ಮುಂಭಾಗವನ್ನು ತೆಗೆಯುತ್ತಾರೆ. ಮೊದಲ ವಾರ ಅದು ಎಂಬತ್ತೈದಿತ್ತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಮಹ್ರೂಸಾ ಎಂದಿನಂತೆ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಕೋಣೆಯೊಳಗೆ ರೋಗಿಗಳ ಜೊತೆ ಕೂರುವ ನರ್ಸು ಅವಳೇ. ದಪ್ಪ ತೋಳಿನ, ಸದಾ ಏನನ್ನಾದರೂ ಜಗಿಯುತ್ತಿರುವ ಹೆಂಗಸು. ಆಮ್ಲಜನಕ ಇರುವಲ್ಲಿ ಒಂದು ಕಿಡಿಯೂ ಬೆಂಕಿಯಾಗುತ್ತದೆಂದು ನೈಲಾನು, ಎಣ್ಣೆ, ಅತ್ತರು, ಹೇರ್‌ಪಿನ್ನು, ಎಲ್ಲವನ್ನೂ ಹೊರಗೇ ತೆಗೆಸುತ್ತಿದ್ದಳು. ಹಿಂಬದಿ ಲಾಡಿ ಕಟ್ಟುವ ಹತ್ತಿಯ ನಿಲುವಂಗಿಯೊಳಗೆ ಕೈ ತೂರಿಸುವಾಗೆಲ್ಲ ಅತಿಯಾತಳಿಗೆ ಒಂದು ಅವಮಾನವಾಗುತ್ತಿತ್ತು: ಬತ್ತಲಾದದ್ದಕ್ಕಲ್ಲ, ಆ ಅಂಗಿಯ ಹೊಲಿಗೆ ಅಷ್ಟು ಕೆಟ್ಟದಾಗಿದ್ದುದಕ್ಕೆ. ಇವತ್ತು ಅದೂ ತಟ್ಟಲಿಲ್ಲ. ಮಹ್ರೂಸಾ ಅವಳ ಮುಖ ದಿಟ್ಟಿಸಿ, ಒದ್ದೆ ಹತ್ತಿ ತಂದು ಕಣ್ಣಂಚು ಒರೆಸಿದಳು.

"ಕಾಡಿಗೆ ಬೇರೆ. ಒಳಗೆ ಯಾವ ಗಂಡು ನಿನ್ನ ನೋಡೋಕೆ ಬರ್ತಾನೆ ಅಂದ್ಕೊಂಡೆ? ಕಿನಾವಿ ಮಾಮನಾ?"

ಅತಿಯಾತ್ ನಕ್ಕಳು. ನಗು ಬೇಕಾದ್ದಕ್ಕಿಂತ ಜೋರಾಗಿ ಬಂತು. ಕಾಡಿಗೆ ಹಚ್ಚಿಕೊಂಡದ್ದು ಯಾವಾಗ ಎಂಬುದೇ ಅವಳಿಗೆ ನೆನಪಿರಲಿಲ್ಲ. ಮೊದಲ ನೋವಿನ ನಂತರ ಇರಬೇಕು. ಹೇಳಬೇಕು ಎಂದು ಬಾಯಿ ತೆರೆದಳು, ಹೇಳಲಿಲ್ಲ. ಸುದ್ದಿಯನ್ನು ಬಾಯೊಳಗೇ ಇಟ್ಟುಕೊಂಡು ಖರ್ಜೂರದ ಹಾಗೆ ಇನ್ನಷ್ಟು ಹೊತ್ತು ಚೀಪಬೇಕಾಗಿತ್ತು. ಡಾಕ್ಟರ್ ವಿಸಾಮ್ ಬಂದು, ಮಂಡಿಯೂರಿ ಕೂತು, ಗಾಯದ ಬದಿಗೆ ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಬಿಲ್ಲೆ ಅಂಟಿಸಿದಳು. ಅದರ ತಂತಿ ಕೋಣೆಯ ಗೋಡೆ ತೂರಿ ಹೊರಗಿನ ಯಂತ್ರಕ್ಕೆ ಹೋಗುತ್ತದೆ, ಅಂಕಿ ತನಗೆ ಹೊರಗೆ ಕಾಣುತ್ತದೆ ಎಂದು ವಿವರಿಸಿದಳು. ಮೂವತ್ತರ ಹರೆಯದ ಸಣಕಲು ಹೆಣ್ಣು, ಕನ್ನಡಕದ ಒಂದು ಕಡ್ಡಿಗೆ ಅಂಟುಪಟ್ಟಿ ಸುತ್ತಿತ್ತು. ಏನಾದರೂ ಹೊಸದಿದೆಯಾ ಎಂದು ಅವಳು ಕೇಳಿದಾಗ ಅತಿಯಾತ್ ಇಲ್ಲ ಎಂದಳು. ಇಲ್ಲ ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆ ಎಂದು ಒಂದು ಗಳಿಗೆ ಅವಳಿಗೇ ಭಯವಾಯಿತು.

ಉಕ್ಕಿನ ಕೋಣೆ ಮಲಗಿಸಿದ ದೊಡ್ಡ ಪೀಪಾಯಿಯಂತಿತ್ತು: ಎರಡು ಬದಿಗೂ ಬೆಂಚು, ತಟ್ಟೆಯಷ್ಟಗಲದ ದಪ್ಪ ಗಾಜಿನ ಕಿಟಕಿಗಳು. ಇವತ್ತು ಒಳಗೆ ಮೂವರೇ. ಎದುರಿಗೆ ಕಿನಾವಿ ಮಾಮ, ಹಡಗುಗಳ ಡೀಸೆಲ್ ಮೆಕ್ಯಾನಿಕ್ಕು, ಅವನೂ ಸಕ್ಕರೆ ರೋಗಿ; ಹಗ್ಗ ಸುತ್ತುವ ಗಾಲಿಗೆ ಸಿಕ್ಕಿ ಅವನ ಎಡಪಾದದ ಹರಡು ಮುರಿದು, ಕೂಡಿಸಲು ಹಾಕಿದ ತಗಡಿನ ಮೇಲಿನ ಗಾಯ ಎಂಟು ತಿಂಗಳಾದರೂ ಮುಚ್ಚಿರಲಿಲ್ಲ. ಬಾಗಿಲು ಮುಚ್ಚಿತು. ಗಾಳಿ ಸುಯ್ಯೆಂದು ನುಗ್ಗತೊಡಗಿತು, ಕೋಣೆ ಕಾವೇರಿತು, ಕಿವಿಗಳು ಒಳಕ್ಕೆ ಒತ್ತಿದವು. ಮೂಗು ಹಿಡಿದು ಉಗುಳು ನುಂಗಿದಾಗ ಟಪ್ ಎಂದು ಬಿಟ್ಟವು. ಎರಡು ಮೀಟರ್, ಐದು ಮೀಟರ್ ಎಂದು ಹೊರಗಿನವನು ಸ್ಪೀಕರಿನಲ್ಲಿ ಎಣಿಸುತ್ತಿದ್ದ, ನಿಜವಾಗಿಯೂ ಕಡಲಿಗಿಳಿಯುತ್ತಿರುವ ಹಾಗೆ. ಹುಟ್ಟಿದಾಗಿನಿಂದ ಕಡಲಿನ ಪಕ್ಕದಲ್ಲಿದ್ದೂ ಅತಿಯಾತ್ ಮಂಡಿಯ ಮೇಲೆ ನೀರು ಕಂಡವಳಲ್ಲ. ಹೆಣ್ಣುಮಗಳು ಒದ್ದೆ ಬಟ್ಟೆಯಲ್ಲಿ ದಡಕ್ಕೆ ಬರುವುದುಂಟೇ ಎನ್ನುತ್ತಿದ್ದಳು ಅವಳ ಅಮ್ಮ ಸಿತ್ತುಹುಮ್. ಈಗ ಐವತ್ತೆರಡನೆಯ ವಯಸ್ಸಿನಲ್ಲಿ, ಒಣಗಿದ ಅಂಗಿಯಲ್ಲಿ, ದಿನಾ ಹದಿನಾಲ್ಕು ಮೀಟರ್ ಕೆಳಗಿಳಿಯುತ್ತಿದ್ದಳು. ಮೊದಲ ದಿನ ಹೆದರಿ ಮಹ್ರೂಸಾಳ ಕೈ ಹಿಡಿದಿದ್ದಳು. ಆಮೇಲೆ ಇಳಿಯುವುದೇ ಇಷ್ಟವಾಗತೊಡಗಿತು. ಮನೆ, ಯಂತ್ರ, ಗಿರಾಕಿಗಳ ಮೂಗು, ಎಲ್ಲ ಮೇಲೆಲ್ಲೋ ಉಳಿಯುತ್ತಿದ್ದವು. ಮುಖವಾಡ ಕಟ್ಟಿಕೊಂಡು ಉಸಿರೆಳೆದಾಗ ರಬ್ಬರಿನ ರುಚಿಯ ಹಿಂದೆ ಏನೂ ಇರಲಿಲ್ಲ, ವಾಸನೆಯಿಲ್ಲದ, ಬಣ್ಣವಿಲ್ಲದ ಬರೀ ಉಸಿರು. ಆದರೂ ಅದು ಎದೆಯಿಂದ ಸೊಂಟಕ್ಕೆ, ಸೊಂಟದಿಂದ ತೊಡೆಗೆ, ಅಲ್ಲಿಂದ ಯಾರೂ ಹೋಗದ ಹಾಳು ಓಣಿಗಳ ಕಡೆಗೆ ನಡೆದುಹೋಗುವುದನ್ನು ಅವಳು ಕಣ್ಣುಮುಚ್ಚಿ ಕಾಣುತ್ತಿದ್ದಳು. ಇವತ್ತು ಅದು ತಲುಪಿದ ಕಡೆಯಲ್ಲಿ ನೋವು ಎದ್ದು ಕೂತಿತ್ತು. ತಟ್ಟು, ತಟ್ಟು ಎಂದಳು ಮನಸ್ಸಿನಲ್ಲೇ.

ಅರ್ಧ ಗಂಟೆಗೊಮ್ಮೆ ಐದು ನಿಮಿಷ ಮುಖವಾಡ ತೆಗೆದು ಬರಿಗಾಳಿ ಉಸಿರಾಡಬೇಕು. ಹಾಗೆ ಸಿಕ್ಕಿದ ಐದು ನಿಮಿಷಗಳಲ್ಲಿ ಎಲ್ಲರೂ ಹಸಿದವರಂತೆ ಮಾತಾಡುತ್ತಿದ್ದರು. ಒತ್ತಡದ ಗಾಳಿಯಲ್ಲಿ ಎಲ್ಲರ ದನಿಯೂ ಮೂಗಿನಿಂದ ಬರುವ ಹಾಗೆ ಕೇಳಿಸುತ್ತಿತ್ತು. ಕಿನಾವಿ ಮಾಮ, ನೈಲ್ ದಡದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವಳ ಅಣ್ಣ ಹರ್ಬಿಯ ಬಗ್ಗೆ ಎಂದಿನ ತಮಾಷೆ ಶುರುಮಾಡಿದ: ಅಣ್ಣ ಸಕ್ಕರೆ ಮಾಡಿ ಕಳಿಸುತ್ತಾನೆ, ತಂಗಿ ಮೈಯಲ್ಲಿ ದಾಸ್ತಾನು ಮಾಡುತ್ತಾಳೆ. ಅತಿಯಾತ್ ಅವನ ಮಾತನ್ನು ಅರ್ಧಕ್ಕೇ ತಡೆದಳು.

"ಮಾಮ, ನನ್ನ ಕಾಲು ನೋಯ್ತಾ ಇದೆ. ಬೆಳಿಗ್ಗೆಯಿಂದ."

ಹೇಳಿದ ಮೇಲೆ ಅವಳ ಮುಖವೆಲ್ಲ ಅರಳಿತು. ಕಿನಾವಿ ಮಾತ್ರ ನಗಲಿಲ್ಲ. ಮಹ್ರೂಸಾ ಆಚೆ ತುದಿಯಲ್ಲಿ ಸ್ಪೀಕರಿನವನ ಜೊತೆ ಮಾತಾಡುತ್ತಿದ್ದುದನ್ನು ನೋಡಿಕೊಂಡು ಅವನು ಮುಂದಕ್ಕೆ ಬಾಗಿದ.

"ನನಗೂ ಹೋದ ಸಲ ಬಲಗಾಲಲ್ಲಿ ಹಿಂಗೇ ಬಂತು ತಾಯಿ. ಜೀವ ಬಂತು ಅಂತ ನಾನೂ ಕುಣಿದೆ, ಹೆಂಡ್ತಿ ಪಾಯಸ ಮಾಡಿದ್ಲು. ಮೂರನೇ ದಿನ ಎರಡು ಬೆರಳು ಎತ್ತಿದ್ರು. ಒಳಗೆ ಕೀವು ಕೂತ್ರೆ ಸತ್ತ ಕಾಲೂ ಕೂಗತ್ತೆ."

ಅವನು ಕೆಟ್ಟವನಲ್ಲ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು, ನಿನ್ನದು ಹಾಗಿರಲಿಕ್ಕಿಲ್ಲ, ನಿನ್ನದು ಬೇರೆ ಎಂದ. ಅಷ್ಟರಲ್ಲಿ ಐದು ನಿಮಿಷ ಮುಗಿಯಿತು. ಮುಖವಾಡದೊಳಗೆ ಅವಳ ಉಸಿರು ಅವಳಿಗೇ ದೊಡ್ಡದಾಗಿ ಕೇಳಿಸಿತು. ಸಂತೋಷ ಇಳಿಯಲಿಲ್ಲ, ಅದೇ ಆಶ್ಚರ್ಯ; ಹೆದರಿಕೆ ಬಂದು ಅದರ ಪಕ್ಕದಲ್ಲೇ ಕೂತಿತು, ಎರಡೂ ಒಂದೇ ಬೆಂಚಿನ ಮೇಲೆ ಮೊಣಕೈ ತಾಗಿಸಿಕೊಂಡು. ಹೇಳದಿದ್ದರಾಯಿತು. ಅಂಕಿ ಇನ್ನೂರು ದಾಟಿದರೆ ಸರ್ಜನ್ ಬರುವುದಿಲ್ಲ. ನೋವಿನ ಸುದ್ದಿ ಹೇಳಿದರೆ ಬಂದರೂ ಬಂದಾನು. ಒಂಬತ್ತು ವರ್ಷಗಳ ಹಿಂದೆ, ಆಸ್ಪತ್ರೆಯ ಆ ಹಸಿರು ಗೋಡೆಯ ಕಡೆಗೆ ಅಮ್ಮ ಮುಖ ತಿರುಗಿಸಿಕೊಂಡಿದ್ದಳು, ತಲೆಯ ಮೇಲಿನ ಕಪ್ಪು ವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದುಕೊಂಡು. ಪರಗಂಡಸು ಅವಳ ಹುಣ್ಣಾದ ಕಾಲು ಮುಟ್ಟುತ್ತಿದ್ದ. ಅವನು ಎಷ್ಟು ದೊಡ್ಡ ಡಾಕ್ಟರಾದರೂ ಸಿತ್ತುಹುಮ್ ಅವನ ಜೊತೆ ಮಾತಾಡುವವಳಲ್ಲ. ಇಲ್ಲಿ ಚುಚ್ಚಿದರೆ ಗೊತ್ತಾಗತ್ತಾ ಎಂದು ಅವನು ಕೇಳಿದ. ಮತ್ತೆ ಕೇಳಿದ. ಆಮೇಲೆ ಮಗಳ ಕಡೆ ನೋಡಿದ. ಆ ದಿನ ಬೆಳಿಗ್ಗೆಯಷ್ಟೇ ಅಮ್ಮ ಅವಳ ಮಣಿಕಟ್ಟು ಹಿಡಿದು, ಕಾಲೊಳಗೆ ಯಾರೋ ಕೆಂಡ ಇಟ್ಟು ಊದುತ್ತಿದ್ದಾರೆ ಮಗಳೇ ಎಂದಿದ್ದಳು. ಅತಿಯಾತ್ ಹೇಳಿದಳು: ಇಲ್ಲ ಡಾಕ್ಟ್ರೇ, ಅವರಿಗೆ ಏನೂ ಗೊತ್ತಾಗಲ್ಲ.

ಯಾಕೆ ಹೇಳಿದಳು? ಹಬ್ಬಕ್ಕೆ ಹನ್ನೊಂದು ದಿನ ಉಳಿದಿತ್ತು, ಮನೆಯಲ್ಲಿ ಇಪ್ಪತ್ತಮೂರು ಉಡುಪು ಕತ್ತರಿಸಿ ಬಿದ್ದಿದ್ದವು. ಜೀವವಿರುವ ಕಾಲಾದರೆ ವಾರಗಟ್ಟಲೆ ಪಟ್ಟಿ ಕಟ್ಟಬೇಕು. ಸಫಾಗಾದಲ್ಲೊಂದು ಕೋಣೆ ಇದೆ, ಒಂದು ತಿಂಗಳು ದಿನಾ ಕರೆದುಕೊಂಡು ಹೋಗಿ ನೋಡಿ ಎಂದು ಅಲ್ಲಿನ ನರ್ಸೊಬ್ಬಳು ಮೆಲ್ಲಗೆ ಹೇಳಿದ್ದಳು ಬೇರೆ. ಅದೆಲ್ಲ ಪರದೇಶದ ಮುಳುಗುಗಾರರಿಗೆ, ನಮಗಲ್ಲ ಎಂದಿದ್ದಳು ಅತಿಯಾತ್. ಸತ್ತ ಕಾಲಾದರೆ ಕತ್ತರಿಸಿ ನಾಲ್ಕು ದಿನದಲ್ಲಿ ಮನೆಗೆ. ಹೀಗೆಲ್ಲ ಆಗ ಲೆಕ್ಕ ಹಾಕಿದ್ದಳೋ, ಇಲ್ಲ ಬರೀ ದಣಿವಿನಿಂದ ಬಾಯಿಗೆ ಬಂದದ್ದನ್ನು ಹೇಳಿ ಲೆಕ್ಕವನ್ನು ಆಮೇಲೆ ಕೂಡಿಸಿಕೊಂಡಳೋ, ಒಂಬತ್ತು ವರ್ಷ ಯೋಚಿಸಿದರೂ ತಿಳಿದಿರಲಿಲ್ಲ. ತಿಳಿದದ್ದು ಒಂದೇ: ಆ ಮಾತಿಗೆ ಅಮ್ಮ ಗೋಡೆಯಿಂದ ಮುಖ ತಿರುಗಿಸಿ ಅವಳನ್ನು ನೋಡಿದಳು. ಸಿಟ್ಟಿನಿಂದಲ್ಲ. ಪರಿಚಯವಿಲ್ಲದವರನ್ನು ನೋಡುವ ಹಾಗೆ, ಮರ್ಯಾದೆಯಿಂದ. ಮಂಡಿಯವರೆಗೆ ಕಾಲು ಹೋದ ಮೇಲೆ ಏಳು ತಿಂಗಳು ಬದುಕಿದಳು. ನೀರು ಕೊಡು, ಕಿಟಕಿ ಮುಚ್ಚು ಎಂಬುದನ್ನು ಬಿಟ್ಟರೆ ಬೇರೆ ಮಾತು ಆಡಲಿಲ್ಲ. ಮಣ್ಣು ಮಾಡಿದ ದಿನ ಹರ್ಬಿ ಅಂಗಳದಲ್ಲಿ ಕುಸಿದು ಕೂತು, ಅಮ್ಮ ತುಂಬ ನೋವು ತಿಂದಳಾ ಎಂದು ಕೇಳಿದಾಗಲೂ ಅತಿಯಾತಳ ಬಾಯಿಂದ ಅದೇ ವಾಕ್ಯ ಬಂದಿತ್ತು. ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅಣ್ಣ ಅವಳ ಹಣೆಗೆ ಮುತ್ತಿಟ್ಟಿದ್ದ.

ಸ್ಪೀಕರು ಗೊರಗುಟ್ಟಿತು. ಡಾಕ್ಟರ್ ವಿಸಾಮಳ ದನಿ, ಅಂಕಿಯನ್ನು ಎರಡು ಸಲ ಹೇಳಿತು: ಇನ್ನೂರ ಮೂವತ್ತೊಂದು. ಮಹ್ರೂಸಾ ಜಗಿಯುವುದನ್ನು ನಿಲ್ಲಿಸಿ ನಾಲಿಗೆ ಹೊರಳಿಸಿ ಮದುವೆಮನೆಯ ಉಲಿ ಹಾಕಿದಳು. ಹದಿನಾಲ್ಕು ಮೀಟರಿನ ಗಾಳಿಯಲ್ಲಿ ಅದು ಬಾತುಕೋಳಿ ಕೂಗಿದಂತಾಗಿ ಕಿನಾವಿ ಮುಖವಾಡದೊಳಗೇ ಕೆಮ್ಮಿ ಕೆಮ್ಮಿ ನಕ್ಕ. ದುಂಡು ಕಿಟಕಿಯ ಆಚೆ ಡಾಕ್ಟರ್ ಎರಡು ಬೆರಳೆತ್ತಿ ತೋರಿಸುತ್ತಿದ್ದಳು. ಅತಿಯಾತಳ ಕಣ್ಣು ತುಂಬಿ ಮುಖವಾಡದ ರಬ್ಬರಿನ ಅಂಚಿಗೆ ನೀರು ಸೇರಿಕೊಂಡಿತು. ಇನ್ನೂರ ಮೂವತ್ತೊಂದು. ಎದ್ದು ಕುಣಿಯಬೇಕು, ಪೆಡಲು ತುಳಿಯಬೇಕು, ಆ ಮದುಮಗಳ ಮನೆಗೆ ನಡೆದುಹೋಗಿ ಅವಳ ಮೂಗಿನ ಮುಂದೆ ಈ ಕಾಲನ್ನು ಚಾಚಬೇಕು. ಉಳಿದ ಹೊತ್ತು ಹೇಗೆ ಕಳೆಯಿತೋ ತಿಳಿಯಲಿಲ್ಲ. ನೋವು ಮಾತ್ರ ಅಂಕಿಗೆ ಕಿವಿಗೊಡದೆ ತಟ್ಟುತ್ತಲೇ ಇತ್ತು. ಈಗ ಸ್ವಲ್ಪ ಮೇಲಕ್ಕೆ, ಅಂಗಾಲಿನ ಕಮಾನಿನ ಕಡೆಗೆ ಸರಿದಿತ್ತು. ಸರಿದದ್ದನ್ನು ಅವಳು ಗಮನಿಸಿದಳು, ಗಮನಿಸಿಲ್ಲವೆಂದುಕೊಂಡಳು, ಮತ್ತೆ ಗಮನಿಸಿದಳು.

ಒತ್ತಡ ಇಳಿಸತೊಡಗಿದರು. ಗಾಳಿ ತಣ್ಣಗಾಗಿ ಕೋಣೆಯ ತುಂಬ ತೆಳ್ಳನೆಯ ಮಂಜು ಕವಿಯಿತು, ಎದುರಿಗಿದ್ದ ಕಿನಾವಿ ಮಸುಕಾದ. ಹತ್ತು ಮೀಟರ್, ಎಂಟು ಮೀಟರ್. ಇನ್ನು ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮುಖವಾಡ ಕೈಯಲ್ಲಿ ಹಿಡಿದು ಅವಳು ಮಂಜನ್ನು ನೋಡುತ್ತ ಕೂತಳು. ಏನೂ ಹೊಸದಿಲ್ಲ, ಏನೂ ಗೊತ್ತಾಗುವುದಿಲ್ಲ. ವಾಕ್ಯ ಸಿದ್ಧವಾಗಿ ನಾಲಿಗೆಯ ಮೇಲಿತ್ತು, ಎಷ್ಟೋ ವರ್ಷ ಬಳಸಿ ನಯವಾದದ್ದು. ಆಗ ತನ್ನ ಕೈ ಮಹ್ರೂಸಾಳ ಮಣಿಕಟ್ಟನ್ನು ಹಿಡಿದಿರುವುದು ಕಂಡಿತು. ಹಿಡಿದದ್ದು ಯಾವಾಗಲೋ. ಬಿಗಿಯಾಗಿ ಹಿಡಿದಿದ್ದಳು, ಉಗುರು ಊರುವಷ್ಟು.

"ಡಾಕ್ಟ್ರೇ," ಎಂದಳು ಸ್ಪೀಕರಿನ ಕಡೆ ಮುಖವೆತ್ತಿ. "ನನಗೆ ನೋವಿದೆ. ಬೆಳಿಗ್ಗೆ ನೀವು ಕೇಳಿದಾಗ ಇಲ್ಲ ಅಂದೆ. ಇದೆ. ಈಗ ಮೇಲಕ್ಕೆ ಹೋಗ್ತಾ ಇದೆ."

ಹೊರಗಿನಿಂದ ಡಾಕ್ಟರ್, ಕಾಲು ನೆಲಕ್ಕೆ ಊರಬಾರದು, ಬಾಗಿಲು ತೆರೆದ ಕೂಡಲೆ ಗಾಲಿಕುರ್ಚಿಯಲ್ಲಿ ನೇರ ತನ್ನ ಕೋಣೆಗೆ ಕರೆತರಬೇಕು ಎಂದು ಹೇಳಿದ್ದು ಕೇಳಿಸಿತು.

ಸ್ಪರ್ಶವೇ ಇಲ್ಲದ ಕಾಲಿನಲ್ಲಿ ಹೊಸದಾಗಿ ನೋವು ಬಂದರೆ ತಾನು ಮೊದಲು ಸಂತೋಷಪಡುವುದಿಲ್ಲ, ಹೆದರುತ್ತೇನೆ ಎಂದಳು ವಿಸಾಮ್ ಪಟ್ಟಿ ಬಿಚ್ಚುತ್ತ. ಎಕ್ಸ್‌ರೇ ತೆಗೆಸಿದಳು, ಮೂಳೆ ಚೆನ್ನಾಗಿತ್ತು. ಆಮೇಲೆ ಎರಡು ಹೆಬ್ಬೆರಳಿಂದ ಅಂಗಾಲನ್ನು ಅಂಗುಲ ಅಂಗುಲವಾಗಿ ಒತ್ತುತ್ತ ಬಂದಳು. ಇಲ್ಲಿ? ಇಲ್ಲ. ಇಲ್ಲಿ? ಇಲ್ಲ. ಇಲ್ಲಿ? ಅತಿಯಾತ್ ಮೇಜಿನ ಅಂಚು ಹಿಡಿದು ಎದ್ದೇ ಕೂತಳು. ಮೇಲೆ ಗುಲಾಬಿಯಾಗಿ ಮಾಯುತ್ತಿದ್ದ ಗಾಯದ ಅಡಿಯಲ್ಲಿ ಕಡಲೆಕಾಳಿನಷ್ಟು ಕೀವು ಕಟ್ಟಿ ಕಮಾನಿನ ಕಡೆಗೆ ದಾರಿ ಮಾಡಿಕೊಳ್ಳುತ್ತಿತ್ತು. ಮರಗಟ್ಟಿಸುವ ಮದ್ದು ಕೊಟ್ಟೇ ಕೊಯ್ದರು. ಮದ್ದು ಪೂರ್ತಿ ಹಿಡಿಯುವ ಮುಂಚೆಯೇ ಚೂರಿ ತಾಗಿತೋ ಏನೋ, ತಂಪಾದ ಒಂದು ಗೆರೆ ಉರಿಯಾಗಿ ಹೊತ್ತಿಕೊಂಡು ಮಂಡಿಯವರೆಗೂ ಓಡಿತು.

"ನೋಯತ್ತೆ," ಎಂದಳು ಅತಿಯಾತ್. ಇನ್ನೊಮ್ಮೆ, ಜೋರಾಗಿ, "ಡಾಕ್ಟ್ರೇ, ನೋಯತ್ತೆ."

"ಹೇಳ್ತಾ ಇರಿ. ಎಲ್ಲೆಲ್ಲಿ ಅಂತ ಹೇಳ್ತಾ ಇರಿ."

ಅವಳು ಹೇಳುತ್ತ ಹೋದಳು. ಇಲ್ಲಿ, ಬೆರಳಿನ ಕಡೆಗೆ, ಅಲ್ಲ, ಒಳಗೆ. ಮಾತು ನಿಲ್ಲಲಿಲ್ಲ. ಕೀವು ಬಸಿದು, ಉಪ್ಪುನೀರಿನಿಂದ ತೊಳೆದು, ಕಡ್ಡಿ ಇಳಿಸಿ ಮೂಳೆಗೆ ತಾಗುವುದಿಲ್ಲವೆಂದು ಖಚಿತಮಾಡಿಕೊಳ್ಳುವ ಹೊತ್ತಿಗೆ ಅವಳು ಅಮ್ಮನ ವಿಷಯ ಹೇಳುತ್ತಿದ್ದಳು, ಹಸಿರು ಗೋಡೆ, ಕೆಂಡ, ಇಪ್ಪತ್ತಮೂರು ಉಡುಪು. ಯಾಕೆ ಹೇಳುತ್ತಿದ್ದೇನೆಂದು ಅವಳಿಗೇ ತಿಳಿಯದು, ನಾಚಿಕೆಯಿಲ್ಲದ ಒಂದು ಹುರುಪಿನಲ್ಲಿ ಹೇಳುತ್ತಿದ್ದಳು. ವಿಸಾಮ್ ಪಟ್ಟಿ ಸುತ್ತುತ್ತ, ಅಮ್ಮನ ಕಾಲ್ಬೆರಳುಗಳು ಕಪ್ಪಾಗಿದ್ದವಾ ಎಂದು ಕೇಳಿದಳು. ಎರಡು ಕಪ್ಪಾಗಿದ್ದವು. ಹಾಗಾದರೆ ನೀವು ಏನು ಹೇಳಿದ್ದರೂ ಕತ್ತರಿಸಬೇಕಾಗುತ್ತಿತ್ತೋ ಏನೋ, ಹೇಳಲು ಬರುವುದಿಲ್ಲ ಎಂದಳು. ಅದು ಸಮಾಧಾನದ ಮಾತು. ಅತಿಯಾತಳಿಗೆ ಸಿಟ್ಟು ಬಂತು. ಅವಳು ಹೇಳಿದ್ದು ಅಮ್ಮನ ಕಾಲಿನ ವಿಷಯವಲ್ಲ, ತಾನಾಡಿದ ಸುಳ್ಳಿನ ವಿಷಯ. ಡಾಕ್ಟರಿಗೆ ಅದು ಅರ್ಥವಾಯಿತೋ ಏನೋ, ಕನ್ನಡಕ ಸರಿಪಡಿಸಿಕೊಂಡು, ನಾಳೆಗೆ ಬಿಟ್ಟಿದ್ದರೆ ಸರ್ಜನ್‌ಗೆ ಬೇರೆ ದಾರಿ ಇರುತ್ತಿರಲಿಲ್ಲ, ಇವತ್ತು ಕಾಲು ಉಳಿಸಿದ್ದು ಅಂಕಿಯಲ್ಲ ಎಂದಷ್ಟೇ ಹೇಳಿ ಕೈ ತೊಳೆಯಲು ಹೋದಳು.

ಜಗಲಿಯ ನೆರಳಿನಲ್ಲಿ ಗಾಲಿಕುರ್ಚಿ ನಿಲ್ಲಿಸಿ ಮಹ್ರೂಸಾ ಮಾತ್ರೆ ತರಲು ಒಳಗೆ ಹೋದಾಗ ಅತಿಯಾತ್ ಫೋನು ತೆಗೆದಳು. ಎದೆ ಬಸ್ಸಿನಲ್ಲಿದ್ದಂತೆಯೇ ಹೊಡೆದುಕೊಳ್ಳುತ್ತಿತ್ತು. ಹರ್ಬಿ ಎತ್ತಿದ ಕೂಡಲೆ ಅವನ ಹಿಂದಿನಿಂದ ಕಬ್ಬು ಅರೆಯುವ ಯಂತ್ರಗಳ ಮೊರೆತ ಕೇಳಿಸಿತು. ಕಾಲು ಉಳಿಯಿತಾ ಎಂದು ಅವನು ಕೂಗಿ ಕೇಳಿದ. ಉಳಿಯಿತು ಎಂದಳು. ಅವನು ದೇವರನ್ನು ಕೊಂಡಾಡಿ ಮುಗಿಸುವವರೆಗೂ ಕಾದಳು.

"ಅಣ್ಣಾ, ಅಮ್ಮಂಗೆ ನೋವಿತ್ತು. ಕಾಲಲ್ಲಿ ಕೆಂಡ ಇಟ್ಟ ಹಾಗಿದೆ ಅಂದಿದ್ರು ನನ್ನ ಹತ್ರ. ಡಾಕ್ಟರು ಕೇಳಿದಾಗ ಏನೂ ಗೊತ್ತಾಗಲ್ಲ ಅಂದೋಳು ನಾನು. ನಿನಗೂ ಹಂಗೇ ಅಂದೆ."

ಅವನು ಎಲ್ಲಿಗೋ ನಡೆಯುತ್ತಿದ್ದಿರಬೇಕು, ಯಂತ್ರಗಳ ಸದ್ದು ಸಣ್ಣದಾಗುತ್ತ ಹೋಗಿ ಒಂದು ಬಾಗಿಲು ಮುಚ್ಚಿತು.

"ಒಂಬತ್ತು ವರ್ಷ," ಎಂದ ಹರ್ಬಿ.

"ಹೂಂ."

"ಇದು ಫೋನಲ್ಲಿ ಹೇಳೋ ಮಾತಾ?"

"ಅಲ್ಲ."

"ಶುಕ್ರವಾರ ಬರ್ತೀನಿ. ನನ್ನೆದುರಿಗೆ ನಿಂತು ಹೇಳು."

"ಹದಿನೈದು ದಿನ ನಿಲ್ಲೋ ಹಾಗಿಲ್ಲ ಅಂದಿದಾರೆ," ಎಂದಳು ಅತಿಯಾತ್. "ಕೂತೇ ಹೇಳ್ತೀನಿ. ಬಾ."

ಅವನು ಫೋನಿಟ್ಟ. ಸಿಟ್ಟಿನಿಂದಲೋ, ಅಳು ಬಂದೋ, ಲೈನೇ ಹೋಯಿತೋ ಗೊತ್ತಾಗಲಿಲ್ಲ. ಬಂದೇ ಬರುತ್ತಾನೆಂದೂ ಹೇಳುವ ಹಾಗಿರಲಿಲ್ಲ. ಬಂದು ಹೊಸ್ತಿಲಲ್ಲೇ ನಿಂತು ಕೇಳಿ ಹಾಗೇ ತಿರುಗಿಹೋದರೂ ಹೋದಾನು. ಇದ್ದೊಬ್ಬ ಅಣ್ಣ. ಬಂದರಿನ ಕಡೆಯಿಂದ ಡೀಸೆಲು, ಒಣಗಿದ ಪಾಚಿ, ಕರಿದ ಮೀನು ಎಲ್ಲ ಬೆರೆತ ಗಾಳಿ ಬೀಸುತ್ತಿತ್ತು. ಮದ್ದಿನ ಅಮಲು ಇಳಿಯುತ್ತ ಬಂದಿತ್ತು. ಪಟ್ಟಿಯ ಕೆಳಗೆ ಮೊದಲು ಕೊಯ್ದ ಗೆರೆ, ಆಮೇಲೆ ಅದರ ಎರಡು ತುದಿ, ಆಮೇಲೆ ಹೆಬ್ಬೆರಳು, ಅದರ ಪಕ್ಕದ್ದು, ಒಂದೊಂದಾಗಿ ಉರಿಯುತ್ತ ಕಾಲಿನ ಆಕಾರ ಮೂಡತೊಡಗಿತು. ಮಹ್ರೂಸಾ ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಮಾತ್ರೆ ಹಿಡಿದು ಬಂದು ಮುಂದೆ ನಿಂತಳು.

"ನುಂಗು. ಇನ್ನು ಸ್ವಲ್ಪ ಹೊತ್ತಿಗೆ ತಡೆಯೋಕಾಗಲ್ಲ."

"ಇಲ್ಲೇ ಇಟ್ಟಿರು," ಎಂದಳು ಅತಿಯಾತ್, ಕಾಲನ್ನೇ ನೋಡುತ್ತ. "ಇನ್ನೂ ಕಿರುಬೆರಳು ಬಂದಿಲ್ಲ."